ಚಾಂಪಿಯನ್ ಉಂಡ ಮಧ್ಯಾಹ್ನ

ಸಂಜೆ ತೂಕಕ್ಕೆ ನಿಲ್ಲಬೇಕಾಗಿದ್ದ ಚಾಂಪಿಯನ್, ಮಧ್ಯಾಹ್ನ ದೋಹಾದ ಬಿನ್ ಮಹಮೂದ್ ಬಡಾವಣೆಯ ಒಂದು ಫ್ಲ್ಯಾಟಿನ ಅಡುಗೆಮನೆ ಬಾಗಿಲಲ್ಲಿ ನಿಂತು ಮೂಗರಳಿಸುತ್ತಿದ್ದ. ಹೆಸರು ಚೆಮಾ, ದೇಶ ಮೆಕ್ಸಿಕೊ, ಫೆದರ್‌ವೇಟ್ ಬಾಕ್ಸಿಂಗಿನ ಪಟ್ಟ, ಅದರ ಜೊತೆ ಸೊಂಟಕ್ಕೆ ಕಟ್ಟುವ ಬೆಲ್ಟ್ ಸಿಕ್ಕಿ ಮೂರೇ ತಿಂಗಳು. ಆ ವರ್ಗದವರು ಐವತ್ತೇಳು ಕಿಲೋ ದಾಟುವಂತಿಲ್ಲ. ದಾಟಿದರೆ ರಿಂಗಿಗೆ ಇಳಿಯುವ ಮೊದಲೇ ಪಟ್ಟ ಹೋಯಿತೆಂದೇ ಲೆಕ್ಕ. ಈ ಮಹಾರಾಯನಿಗೋ ಶಿಸ್ತು ಎಂಬುದು ಗಂಟಲಲ್ಲಿ ಇಳಿಯದ ವಸ್ತು. ದೋಹಾಕ್ಕೆ ಬಂದಮೇಲೂ ಬೆಳಗಿನ ಓಟ ತಪ್ಪಿಸಿ, ಸಕ್ಕರೆ ಸುರಿದ ಕರಕ್ ಚಹಾ ಕುಡಿಯುತ್ತ ಸಿಕ್ಕಿಬಿದ್ದಿದ್ದ. ಅದಕ್ಕೇ ಕೋಚ್ ಅವನನ್ನು ಡ್ರೈವರ್ ರಿಝ್ವಾನನಿಗೆ ಒಪ್ಪಿಸಿ, ಸಂಜೆಯವರೆಗೆ ಇವನ ಬಾಯಿಗೆ ನೀನೇ ಕಾವಲು ಎಂದಿದ್ದ.

ರಿಝ್ವಾನ್ ಕಾವಲು ಚೆನ್ನಾಗಿಯೇ ಕಾದ. ಆದರೆ ಮನೆಯಲ್ಲಿ ಅವನ ಉಮ್ಮನ ಬಿಪಿ ಮಾತ್ರೆ ಮುಗಿದಿತ್ತು. ಅದನ್ನು ಕೊಟ್ಟು ಬರೋಣವೆಂದರೆ, ಆಗಸ್ಟಿನ ಬಿಸಿಲಲ್ಲಿ ಮನುಷ್ಯನನ್ನು ಕಾರಿನಲ್ಲಿ ಬಿಟ್ಟು ಹೋಗುವುದು ಹೇಗೆ? ಜೊತೆಗೇ ಮೇಲೆ ಕರೆದುಕೊಂಡು ಬಂದ. ವಿಸಿಟ್ ವೀಸಾದಲ್ಲಿ ಉಳ್ಳಾಲದಿಂದ ಬಂದಿದ್ದ ಉಮ್ಮ ಹವ್ವಮ್ಮ ಒಲೆಯ ಮುಂದಿದ್ದರು. ಮಗ ತೂಕದ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಅವರು ಚೆಮಾನ ಗುಳಿಬಿದ್ದ ಕೆನ್ನೆ ನೋಡಿ, ಇದರಲ್ಲಿ ತೂಗುವುದಕ್ಕೆ ಎಂತ ಉಂಟು ಎಂದು ಕೇಳಿದರು.

ಚೆಮಾ ಹೇಗೋ ತಿರುಗಿ ಹೊರಟುಬಿಡುತ್ತಿದ್ದನೇನೋ. ಅಷ್ಟರಲ್ಲಿ ಹವ್ವಮ್ಮ ಅಕ್ಕಿಹಿಟ್ಟಿನ ಉಂಡೆಯನ್ನು ಒತ್ತುಮಣೆಯ ನಡುವೆ ಇಟ್ಟು ಹಿಡಿ ಅದುಮಿದರು. ತೆಳ್ಳನೆಯ ಪತ್ತಿರ್ ರೊಟ್ಟಿ ಎದ್ದು ಬಂತು. ಚೆಮಾನ ಅಮ್ಮನ ಬಳಿಯೂ ಥೇಟ್ ಅಂಥದೇ ಒತ್ತುಮಣೆ ಇತ್ತು, ಅವಳದ್ದು ಮೆಕ್ಕೆಜೋಳದ ರೊಟ್ಟಿ ಅಷ್ಟೇ ವ್ಯತ್ಯಾಸ. ಬಸ್‌ಸ್ಟ್ಯಾಂಡಿನಲ್ಲಿ ಅದನ್ನೇ ಮಾರಿ ಅವಳು ಇವನನ್ನು ಸಾಕಿದ್ದಳು. ಚೆಮಾ ಕೈ ತೊಳೆದುಕೊಂಡು ಬಂದು, ಹವ್ವಮ್ಮನ ಪಕ್ಕ ನಿಂತು ತಾನೂ ರೊಟ್ಟಿ ಒತ್ತತೊಡಗಿದ. ಅಮ್ಮನನ್ನು ನೋಡದೆ ವರ್ಷವಾಯಿತೆಂದು ಹರಕು ಇಂಗ್ಲಿಷಿನಲ್ಲಿ ಹೇಳಿದ.

ಒಂದೇ ಒಂದು ಎಂದು ಊಟಕ್ಕೆ ಕೂತ. ನಮ್ಮ ಕರಾವಳಿಯ ಕಡೆ ಬಂದವರು ಬೇಡ ಎಂದರೆ ಯಾರೂ ನಂಬುವುದಿಲ್ಲ. ಮೊದಲ ಸಲದ ಬೇಡ ನಾಚಿಕೆಗೆ, ಎರಡನೆಯದು ಮರ್ಯಾದೆಗೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳಿನ ಸಂದಿಯಲ್ಲೇ ಸಾರು ಬೀಳುತ್ತದೆ. ಚೆಮಾನ ಮನೆಯಲ್ಲೋ, ತಟ್ಟೆಯಲ್ಲಿ ಬಿಟ್ಟು ಏಳುವುದೆಂದರೆ ಅಟ್ಟವರಿಗೆ ಅವಮಾನ. ಹೀಗಾಗಿ ಇವರು ಬಡಿಸುವುದನ್ನು ನಿಲ್ಲಿಸಲಿಲ್ಲ, ಅವನು ತಿನ್ನುವುದನ್ನು ನಿಲ್ಲಿಸಲಿಲ್ಲ.

"ಉಮ್ಮಾ, ಖಲಾಸ್. ಅವನಿಗೆ ನಿಜವಾಗಿಯೂ ಬೇಡ."

"ನೀನು ಸುಮ್ಮನೆ ಕೂತ್ಕೋ. ಪಾಪ, ಹುಡುಗನಿಗೆ ನಾಚಿಕೆ," ಎಂದು ಹವ್ವಮ್ಮ ಕೋಳಿಯ ಇನ್ನೊಂದು ಕಾಲು ಹಾಕಿದರು.

ಸಂಜೆ ತೂಕದ ಯಂತ್ರ ಮುಕ್ಕಾಲು ಕಿಲೋ ಹೆಚ್ಚು ತೋರಿಸಿತು. ಕೋಚ್ ತಲೆಯ ಮೇಲೆ ಕೈಹೊತ್ತು ಕೂತ. ನಿಯಮದ ಪ್ರಕಾರ ಇಳಿಸಿಕೊಳ್ಳಲು ಎರಡು ಗಂಟೆ ಸಮಯ ಸಿಕ್ಕಿತು. ರಿಝ್ವಾನ್ ಅವನನ್ನು ಕಾರಿಗೆ ತುಂಬಿ, ಗಾಜು ಏರಿಸಿ, ಬೆವರಿಳಿಸಲೆಂದು ಕತಾರಿನಲ್ಲಿ ಯಾರೂ ಮುಟ್ಟದ ಸ್ವಿಚ್ಚೊಂದನ್ನು ಒತ್ತಿದ. ಹೀಟರ್ ಹೊತ್ತಿಕೊಂಡಿತು. ಅಲ್ ಸದ್ದ್ ರಸ್ತೆಯ ಸಿಗ್ನಲ್ಲುಗಳಲ್ಲಿ ಪಕ್ಕದ ಕಾರಿನವರು, ಜಾಕೆಟ್ ತೊಟ್ಟು ಬೇಯುತ್ತಿದ್ದ ಇಬ್ಬರನ್ನು ಬೆರಗಿನಿಂದ ನೋಡಿದರು. ಚೆಮಾ ತನ್ನೂರಿನ ಹಾಡು ಹೇಳಿದ. ರಿಝ್ವಾನ್ ಮದುವೆಮನೆಯ ಹಾಡು ಹೇಳಿದ. ಇಬ್ಬರೂ ಡ್ಯಾಶ್‌ಬೋರ್ಡಿಗೆ ತಾಳ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಚೆಮಾ ತಾಳ ನಿಲ್ಲಿಸಿ ಹೇಳಿದ.

"ಬೆಲ್ಟನ್ನು ಅಮ್ಮನಿಗೆ ಇನ್ನೂ ತೋರಿಸಿಲ್ಲ. ಇದೊಂದು ಗೆದ್ದು ಊರಿಗೆ ಒಯ್ಯಬೇಕು ಅಂತಿದ್ದೆ."

"ಯಲ್ಲಾ, ಇನ್ನೊಂದು ಸುತ್ತು," ಎಂದು ರಿಝ್ವಾನ್ ಹೀಟರನ್ನು ಕೊನೆಯವರೆಗೂ ತಿರುಗಿಸಿದ.

ಎರಡನೆಯ ಸಲ ತೂಗಿದಾಗ ಹೆಚ್ಚಿಗೆ ಉಳಿದದ್ದು ಒಂದೇ ಒಂದು ಪತ್ತಿರಿನ ತೂಕ. ಅದು ಇಳಿಯಲಿಲ್ಲ. ನಾಳೆ ಪಂದ್ಯ ನಡೆಯುತ್ತದೆ, ಆದರೆ ಚೆಮಾ ಗೆದ್ದರೂ ಬೆಲ್ಟ್ ಅವನದಲ್ಲ ಎಂದು ಅಧಿಕಾರಿ ಹೇಳಿದ. ರಿಝ್ವಾನ್ ತಲೆಯೆತ್ತಲಾರದೆ ನಿಂತ. ಚೆಮಾ ಬೆವರೊರೆಸಿಕೊಂಡು ಅವನ ಹೆಗಲಿಗೆ ಕೈ ಹಾಕಿದ. ಚಾಂಪಿಯನ್ ಆದಂದಿನಿಂದ ಎಲ್ಲರೂ ತನ್ನನ್ನು ತೂಗಿದವರೇ, ಬಡಿಸಿದ್ದು ನಿನ್ನಮ್ಮ ಒಬ್ಬರೇ ಎಂದ. ಹೇಳಿದ್ದು ನಗುತ್ತಲೇ, ಕಣ್ಣು ಮಾತ್ರ ತುಂಬಿತ್ತು.

ಮರುದಿನ ಅವನು ಹಸಿದವನಂತೆ ಆಡಲಿಲ್ಲ, ಉಂಡವನಂತೆ ಆಡಿದ. ಮೂರನೆಯ ಸುತ್ತಿನಲ್ಲೇ ಎದುರಾಳಿ ಅಂಗಾತ ಬಿದ್ದ. ರೆಫರಿ ಚೆಮಾನ ಕೈ ಎತ್ತಿ ಹಿಡಿದ. ಬೆಲ್ಟ್ ಮಾತ್ರ ಗೆದ್ದವನಿಗೂ ಇಲ್ಲ, ಸೋತವನಿಗೂ ಇಲ್ಲ ಎಂದು ಮತ್ತೆ ಪೆಟ್ಟಿಗೆಗೆ ಹೋಯಿತು. ಚೆಮಾ ಹಗ್ಗದ ಕೆಳಗೆ ನುಸುಳಿ, ರಿಝ್ವಾನ್ ಉಮ್ಮನನ್ನು ಕರೆತಂದು ಕೂರಿಸಿದ್ದ ಮುಂದಿನ ಸಾಲಿಗೆ ನೇರ ಬಂದು, ಅಮ್ಮನಿಗೆ ವಿಡಿಯೊ ಕಾಲ್ ಹಚ್ಚಿ ಹವ್ವಮ್ಮನನ್ನು ತೋರಿಸಿದ. ಇಬ್ಬರು ಮುದುಕಿಯರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೇ ಬಹಳ ಹೊತ್ತು ಮಾತಾಡಿದರು.

ವಾಪಸು ಬರುವಾಗ ಕಾರಿನಲ್ಲಿ ಹವ್ವಮ್ಮ, ಗೆದ್ದವನಿಗೆ ಆ ಬೆಲ್ಟ್ ಯಾಕೆ ಕೊಡಲಿಲ್ಲ ಎಂದು ಕೇಳಿದರು. ರಿಝ್ವಾನ್ ತೂಕದ ಕತೆಯನ್ನು ಮೊದಲಿಂದ ಮತ್ತೊಮ್ಮೆ ಹೇಳಿದ. ಅವರು ಎಲ್ಲ ಕೇಳಿ ಮಗನತ್ತ ತಿರುಗಿದರು.

"ಅದು ಹೊಟ್ಟೆಗೆ ಕಟ್ಟುವ ಪಟ್ಟಿಯಲ್ವಾ ಮೋನೇ? ಹೊಟ್ಟೆ ತುಂಬ ಉಂಡವನಿಗೆ ಇಲ್ಲ ಅಂದ್ರೆ, ಮತ್ತೆ ಅದನ್ನು ಕಟ್ಟುವುದು ಎಲ್ಲಿಗೆ?"