ಮಳೆ ಚರಂಡಿಯ ಬಾಯಿ

“ಹಕ್ಕಿ ಹೇತಿದ್ದಕ್ಕೆಲ್ಲ ನಿಮ್ಮಪ್ಪನ ಪೈಪೇ ಹೊಣೆಯೇನೇ? ಆ ಗೋಡೆ ಮೇಲೆ ಸಾಲಾಗಿ ಕೂತಿವೆಯಲ್ಲ ಕಡಲಹಕ್ಕಿಗಳು, ಅವುಗಳ ಅಂಡಿಗೆ ಹೋಗಿ ಬೀಗ ಹಾಕು!”

ಕಡಲ ದಡದ ಈಜುತಾಣದಲ್ಲಿ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಪ್ಲಂಬರ್ ಅಡ್ಡ ನಿಂತಿದ್ದ. ಎದುರಿಗೆ ಮಗಳು, ಕಡಲ ನೀರು ಪರೀಕ್ಷಿಸುವವಳು, ಹಸಿರು ಬಣ್ಣದ ಪುಡಿಯ ಡಬ್ಬಿ ಹಿಡಿದಿದ್ದಳು. ಹದಿನೈದು ದಿನದಿಂದ ಇಲ್ಲಿ ಮಕ್ಕಳ ಈಜು ನಿಂತಿತ್ತು. ಹೊಲಸಿನ ಮೂಲ ಸಿಗುವವರೆಗೆ ದಡ ತೆರೆಯುವಂತಿರಲಿಲ್ಲ. ಇಲ್ಲಿನ ಪೈಪುಗಳನ್ನೆಲ್ಲ ಹಾಕಿದವನು ಅಪ್ಪನೇ.

“ಹಕ್ಕಿಯದಾಗಿದ್ರೆ ಲ್ಯಾಬಿನವರು ಹೇಳ್ತಿದ್ರು. ಇದು ಮನುಷ್ಯರ ಹೊಟ್ಟೆಯ ಬ್ಯಾಕ್ಟೀರಿಯಾ, ಅಪ್ಪ. ನೀರಿಗಿಳಿಯೋ ಮೆಟ್ಟಿಲ ಹತ್ರಾನೇ ಜಾಸ್ತಿ. ಅಲೆ ತಡೆಯೋ ಗೋಡೆ ಇರೋದ್ರಿಂದ ಒಳಗೆ ಬಿದ್ದದ್ದು ಹೊರಗೆ ಹೋಗೋದೇ ಇಲ್ಲ.”

“ನನ್ನ ಒಂದು ಜಾಯಿಂಟ್ ಒಂದು ತೊಟ್ಟು ಸೋರಿದ್ದು ತೋರಿಸು, ಅರ್ಧ ಮೀಸೆ ಬೋಳಿಸ್ತೀನಿ.”

“ಪೂರ್ತಿ ಬೋಳಿಸ್ಕೋ. ಅರ್ಧ ಇಟ್ಕೊಂಡು ಬಂದ್ರೆ ಅಮ್ಮ ಬಾಗಿಲು ತೆಗೆಯಲ್ಲ.”

ದಡ ಕಾಯುವ ಜೀವರಕ್ಷಕ ನಗು ನುಂಗಿಕೊಂಡ.

ಅಲ್ಲಿನ ನಾಲ್ಕು ಕಕ್ಕಸುಗಳಲ್ಲಿ ಮೂರಕ್ಕೆ ಬಣ್ಣ ಹಾಕಿ, ನೀರು ಎಲ್ಲಿಗೆ ಹೋಗುತ್ತದೆಂದು ನೋಡುವ ಪರೀಕ್ಷೆ ಹಿಂದಿನ ದಿನವೇ ಮುಗಿದಿತ್ತು. ಮೂರರ ಬಣ್ಣವೂ ನೆಟ್ಟಗೆ ರಸ್ತೆಯಾಚೆಯ ಒಳಚರಂಡಿ ಗುಂಡಿಗೇ ಹೋಗಿತ್ತು. ಪ್ಲಂಬರ್ ಡಬ್ಬಿ ಕಿತ್ತುಕೊಂಡು ಉಳಿದ ಪುಡಿಯನ್ನೆಲ್ಲ ನಾಲ್ಕನೆಯದಕ್ಕೆ ಸುರಿದ. ನಾಲ್ಕು ಸಲ ಫ್ಲಶ್ ಎಳೆದ. ಆಮೇಲೆ ಹೋಗಿ ಗುಂಡಿಯ ಮುಚ್ಚಳ ಸರಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ಹತ್ತು ನಿಮಿಷವಾದರೂ ಬಣ್ಣ ಬರಲಿಲ್ಲ.

“ಇಲ್ಲಿ ಬನ್ನಿ,” ಎಂದು ಜೀವರಕ್ಷಕ ಮೆಟ್ಟಿಲ ಕಡೆಯಿಂದ ಕರೆದ.

ಒಂದು ತಿಂಗಳಿಂದ ಹನಿ ಮಳೆ ಬಿದ್ದಿರಲಿಲ್ಲ. ಆದರೂ ಮಳೆ ಚರಂಡಿಯ ಬಾಯಿಂದ ಗಿಣಿಹಸಿರು ನೀರು ಕಡಲಿಗೆ ಇಳಿಯುತ್ತಿತ್ತು. ಮಕ್ಕಳು ಮೊದಲು ಕಾಲಿಡುವ ಮೆಟ್ಟಿಲಿನ ಸುತ್ತ ಹರಡಿ, ಎಲ್ಲಿಗೂ ಹೋಗದೆ ಅಲ್ಲೇ ನಿಂತಿತು.

ಪ್ಲಂಬರ್ ನೋಡುತ್ತಲೇ ಇದ್ದ.

“ಜಾಯಿಂಟ್ ಸೋರ್ತಿಲ್ಲ,” ಎಂದ ಕೊನೆಗೆ. “ಈ ಕಕ್ಕಸು ಆಮೇಲೆ ಕಟ್ಟಿದ್ದು. ಈಜು ಪಂದ್ಯ ಇದೆ ಅಂತ ತಲೆ ತಿಂದ್ರು. ರಸ್ತೆ ಅಗೆಯೋಕೆ ಟೈಮ್ ಇರ್ಲಿಲ್ಲ. ಎರಡು ದಿನದ ಮಟ್ಟಿಗೆ ಅಂತ ಮಳೆ ಚರಂಡಿಗೆ ಸೇರಿಸಿದ್ದೆ.”

“ಯಾವಾಗ?”

“ನೀನು ಇಲ್ಲಿ ಈಜು ಕಲಿತೆಯಲ್ಲ, ಆ ವರ್ಷ.”

ಅವನು ಮಗಳ ಮುಖ ನೋಡಲಿಲ್ಲ.

“ಸಾಮಾನು ತರ್ತೀನಿ. ಈಗ್ಲೇ ಕಿತ್ತು ಸರಿ ಮಾಡ್ತೀನಿ,” ಎಂದು ಮೆಟ್ಟಿಲು ಹತ್ತಿ ಹೋದ.

ಸಂಜೆ ನಾಲ್ಕರವರೆಗೆ ಕಾದು ಮಗಳು ಬೇರೆ ಪ್ಲಂಬರನನ್ನು ಕರೆಸಿದಳು. ಅಪ್ಪ ಬರುವುದಿಲ್ಲವೆಂದು ಅವನು ಮೆಟ್ಟಿಲು ಹತ್ತುವಾಗಲೇ ಅವಳಿಗೆ ಗೊತ್ತಾಗಿತ್ತು. ಹೋಗುವಾಗ ಸಾಮಾನಿನ ಚೀಲ ಅವನ ಹೆಗಲಲ್ಲೇ ಇತ್ತು.