ಐದು ಎಣಿಸುವವರೆಗೆ

ಡಾಕ್ಟರ್ ಸೋನಾಲಿ ಬೊಗ್ಗುವಿನ ಮುಂಗಾಲನ್ನು ಎತ್ತಿ ಬೆಳಕಿಗೆ ಹಿಡಿದಳು. ಪಾದದಡಿಯ ಕಪ್ಪು ಮೆತ್ತೆ ಸುಲಿದು, ಒಳಗಿನ ಮಾಂಸ ಹಸಿಹಸಿಯಾಗಿ ಕಾಣುತ್ತಿತ್ತು. ಮೇಜಿನ ಆಚೆ ಬದಿಯಲ್ಲಿ ನಿಂತು ನಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡಿದ್ದ ವಿನೋದಾ ಮುಖ ಆಚೆ ತಿರುಗಿಸಿದಳು.

“ಅಂಕಲ್, ಇದು ಗಾಯ ಅಲ್ಲ. ಸುಟ್ಟಿದ್ದು,” ಎಂದಳು ಸೋನಾಲಿ. ನೆರೂಳಿನಲ್ಲೇ ಹುಟ್ಟಿ ಬೆಳೆದವಳು. ಮನೆಯವರು ಧಾರವಾಡದ ಕಡೆಯವರಾದ್ದರಿಂದ ಅಷ್ಟಿಷ್ಟು ಕನ್ನಡ, ನಡುನಡುವೆ ಹಿಂದಿ. “ಇತ್ನಿ ಗರ್ಮಿಯೊಳಗ, ಇಷ್ಟ ಬಿಸಿಲಾಗ, ಇವನ್ನ ಎಲ್ಲಿ ಬಿಟ್ಟಿದ್ರಿ?”

ಜಯಶೀಲ ಹೆಂಡತಿಯ ಕಡೆ ನೋಡಿದ. “ಹೇಳು ಮಾರಾಯ್ತಿ. ಟೆರೇಸಿಗೆ ಕರಕೊಂಡು ಹೋದದ್ದು ನೀನಲ್ವಾ?”

ಹೌದು, ಅವಳೇ. ಐರೋಲಿಯ ಅವರ ಹೋಟೆಲಿನಲ್ಲಿ ಊಟದ ಜೊತೆ ಕೊಡುವ ಹಲಸಿನ ಹಪ್ಪಳ ಅವಳ ಕೈಯದು. ಏಪ್ರಿಲ್, ಮೇ ಎರಡು ತಿಂಗಳು ತಮ್ಮ ಫ್ಲಾಟಿರುವ ಸೊಸೈಟಿ ಕಟ್ಟಡದ ಟೆರೇಸಿನಲ್ಲಿ ಹಾಸಿ ಒಣಗಿಸಿದರೆ ವರ್ಷಕ್ಕಾಗುತ್ತದೆ. ಅಲ್ಲಿ ಪಾರಿವಾಳಗಳ ಕಾಟ. ಬೊಗ್ಗುವನ್ನು ಕರಕೊಂಡು ಹೋಗು, ಅವನು ಓಡಿಸುತ್ತಾನೆ ಎಂದು ದಾರಿ ತೋರಿಸಿದವನು ಜಯಶೀಲನೇ. “ನಾನೇ,” ಎಂದಳು ವಿನೋದಾ.

“ಹೋದ ಸಲ ಹೇಳಿಕೊಟ್ಟಿದ್ದೆ ಅಲ್ರಿ ಆಂಟಿ? ಕೈಯ ಹಿಂಬದಿ ನೆಲಕ್ಕ ಇಡಬೇಕು, ಐದರ ತನಕ ಎಣಿಸಬೇಕು. ನಮಗ ತಡ್ಕೊಳ್ಳಾಕ ಆಗಲಿಲ್ಲ ಅಂದ್ರ ನಾಯೀನೂ ಕಾಲಿಡಬಾರದು.”

“ದಿನಾ ಇಟ್ಟು ನೋಡ್ತೇನೆ. ನಿನ್ನೆಯೂ ನೋಡಿದೆ. ಐದು ಎಣಿಸಿದೆ. ಬಿಸಿ ಇರಲಿಲ್ಲ.”

“ಎಂತ ಸುಳ್ಳು!” ಜಯಶೀಲ ಸಿಡುಕಿದ. “ಮೇ ತಿಂಗಳ ಮಧ್ಯಾಹ್ನ ಟೆರೇಸು ಬಿಸಿ ಇರಲಿಲ್ಲವಂತೆ. ಫೋನಲ್ಲಿ ಮಾತಾಡ್ತಾ ಕೂತಿರಬೇಕು ಇವಳು.”

“ಬೊಗ್ಗುವಿನ ಮೇಲಾಣೆ. ಎಣಿಸಿಯೇ ಬಿಟ್ಟದ್ದು.”

ಸೋನಾಲಿ ನಾಯಿಯ ಕಾಲನ್ನು ಮೆಲ್ಲನೆ ಕೆಳಗಿಟ್ಟು ವಿನೋದಾಳ ಬಲಗೈಯನ್ನು ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಎಣ್ಣೆ ಹಾರಿದ ಕಲೆಗಳು, ಹಬೆ ಬಡಿದು ಬೆಳ್ಳಗಾದ ಚರ್ಮ, ಕಾವಲಿಯ ಅಂಚು ತಾಗಿ ಉಳಿದ ಗೆರೆಗಳು. “ಆಂಟಿ, ಕಣ್ಣು ಮುಚ್ರಿ,” ಎಂದು ಒಂದು ಚಿಮಟದ ತುದಿಯನ್ನು ಅದರ ಮೇಲೆ ಒತ್ತಿದಳು. “ಗೊತ್ತಾಗ್ತದೇನ್ರಿ?”

“ನೀವಿನ್ನೂ ಮುಟ್ಟಲಿಲ್ಲವಲ್ಲ?”

ಜಯಶೀಲ ನಕ್ಕುಬಿಟ್ಟ. “ಅವಳ ಕೈ ಮೊದಲಿನಿಂದಲೂ ಹಾಗೆ ಡಾಕ್ಟ್ರೇ. ಇಕ್ಕಳ ಬೇಡವೇ ಬೇಡ, ಬರಿಗೈಯಲ್ಲಿ ಕಾವಲಿ ಎತ್ತುತ್ತಾಳೆ. ನಮ್ಮ ಹೋಟೆಲು ನಿಂತದ್ದೇ ಆ ಕೈಯಲ್ಲಿ, ಗೊತ್ತುಂಟಾ?”

ಮನೆಗೆ ಬಂದವರ ಮುಂದೆಲ್ಲ ಅವನು ಇದನ್ನು ಹೇಳುತ್ತಿದ್ದ. ಅಡುಗೆಯವರು ಯಾರೂ ಕೆಲಸದಲ್ಲಿ ನಿಲ್ಲದ ಹನ್ನೊಂದು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವಳಿಗೆ ಅವನು ಕೊಟ್ಟ ಬಿರುದು ಅದೊಂದೇ. ಕೇಳಿದಾಗಲೆಲ್ಲ ವಿನೋದಾ ಸಣ್ಣಗೆ ನಗುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಲೂ ಇದ್ದಳು. ಇವತ್ತು ತುಟಿ ಅಲುಗಲಿಲ್ಲ. ಆ ಕೈಯನ್ನು ನಂಬಿ ಈ ಬಾಯಿಲ್ಲದ ಜೀವವನ್ನು ಬೆಂಕಿಯ ಮೇಲೆ ಓಡಾಡಿಸಿದ್ದಳು. ಓಡು ಎಂದಾಗ ಅದು ಓಡಿತ್ತು. ಕುಂಟುತ್ತಲೂ ಓಡಿತ್ತು.

“ಅಂಕಲ್, ನಾ ಜಾನವರ್ ಡಾಕ್ಟರ್, ಪ್ರಾಣಿಗಳನ್ನ ನೋಡಾಕಿ, ಆದ್ರೂ ಹೇಳ್ತೀನಿ. ಇದು ನಗೋ ಮಾತಲ್ಲ. ಆಂಟೀನ್ನ ಇವತ್ತೇ ಯಾರಿಗಾದ್ರೂ ತೋರಸ್ರಿ. ಶುಗರ್ ಇದ್ರೂ ಕೈಗೆ ಹಿಂಗ ಏನೂ ಗೊತ್ತಾಗಂಗಿಲ್ಲ, ಚೆಕ್ ಮಾಡಸ್ರಿ.”

“ಆಯ್ತು, ಆಯ್ತು. ಈ ಹಪ್ಪಳದ ಸೀಸನ್ ಒಂದು ಮುಗೀಲಿ. ಇವನ ಬ್ಯಾಂಡೇಜು ಬದಲಿಸಲಿಕ್ಕೆ ಯಾವಾಗ ಬರಬೇಕು?”

“ನಾಳಿದ್ದು,” ಎಂದಳು ಸೋನಾಲಿ, ಬೊಗ್ಗುವಿನ ಪಾದಕ್ಕೆ ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತುತ್ತಾ.

ಜಯಶೀಲ ಫೋನು ತೆಗೆದು ಗುರುತು ಹಾಕಿಕೊಂಡ. “ಹೋಟೆಲು ಯಾರಿಗಾದರೂ ಬಿಟ್ಟು ನಾನೇ ತರ್ತೇನೆ. ಇವಳನ್ನು ನಂಬಿದರೆ ಆಗಲಿಕ್ಕಿಲ್ಲ.”

ಕಾರಿನಲ್ಲಿ ಎಸಿಯ ಗಾಳಿಯನ್ನು ಹಿಂದಿನ ಸೀಟಿಗೆ ತಾಗುವಂತೆ ತಿರುಗಿಸಿದ. ಅಲ್ಲಿ ಬೊಗ್ಗು ವಿನೋದಾಳ ತೊಡೆಯ ಮೇಲೆ ತಲೆಯಿಟ್ಟು, ಅವಳ ಆ ಕೈಯನ್ನೇ ನೆಕ್ಕುತ್ತಾ ಮಲಗಿತ್ತು.

“ನಾಳೆಯಿಂದ ಇವನು ಮೇಲೆ ಬರುವುದು ಬೇಡ. ಬೆಡ್‌ರೂಮಿನಲ್ಲಿ ಎಸಿ ಹಾಕಿ ಬಿಡು, ತಂಪಾಗಿ ಇರಲಿ.”

“ಪಾರಿವಾಳ ಬರ್ತಾವೆ.”

“ನೀನೇ ಅಲ್ಲಿ ಕೂತ್ಕೋ. ನಿನಗೆ ಹೇಗೂ ಬಿಸಿ ಗೊತ್ತಾಗುವುದಿಲ್ಲವಲ್ಲ.” ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಒಂದು ತೊಡಕು ಸುಲಭದಲ್ಲಿ ಬಿಡಿಸಿದ ಸಮಾಧಾನವಷ್ಟೇ ಇತ್ತು.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಟೆರೇಸಿನಲ್ಲಿ ಅವಳೊಬ್ಬಳೇ. ಹಪ್ಪಳಗಳನ್ನು ಹಾಸಿ, ಬೊಗ್ಗು ಕೂರುತ್ತಿದ್ದ ಗೋಣಿಯ ಮೇಲೆ ಕೂತಳು. ಕೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಎಣಿಸತೊಡಗಿದಳು. ಐದು ದಾಟಿತು. ಹದಿನೈದು ದಾಟಿತು. ನೀರಿನ ಟ್ಯಾಂಕಿನ ಮೇಲಿಂದ ಪಾರಿವಾಳಗಳು ಒಂದೊಂದಾಗಿ ಇಳಿದು ಹಪ್ಪಳದತ್ತ ನಡೆದವು. ವಿನೋದಾ ಕೈ ಎತ್ತಲಿಲ್ಲ. ಒಮ್ಮೆಯಾದರೂ ಉರಿಯಲಿ ಎಂದು ಎಣಿಸುತ್ತಲೇ ಇದ್ದಳು.