ಹೊಸ ರಕ್ತಪರೀಕ್ಷೆ

"ಈಗ ರೋಗಿಯ ಮುಖ ನೋಡೋ ಅಗತ್ಯವೇ ಇಲ್ಲಮ್ಮ, ರಕ್ತ ನೋಡಿದ್ರೆ ಸಾಕು," ಎಂದರು ಡಾಕ್ಟರು, ವರದಿಯಿಂದ ತಲೆ ಎತ್ತದೆ. "ಬಾಯಿ ಕ್ಯಾನ್ಸರ್ ಮುಂದೆ ಯಾವ ದಾರಿ ಹಿಡಿಯುತ್ತೆ ಅಂತ ಈ ಹೊಸ ಪರೀಕ್ಷೆ ಮೊದಲೇ ಹೇಳಿಬಿಡುತ್ತೆ. ನಿಮ್ಮ ಯಜಮಾನರದು ತೀರಾ ಕೆಟ್ಟದಾಗಿದೆ. ಉಳಿಯೋದು ಕಷ್ಟ."

ಸ್ಟೂಲಿನ ಮೇಲಿದ್ದ ಗಂಡ ಕಣ್ಣು ಮುಚ್ಚಿಕೊಂಡ. ಗಿರಿಜವ್ವ ಮಾತ್ರ ಎರಡೂ ಕೈ ಎತ್ತಿ ದೇವರಿಗೆ ಮುಗಿದಳು.

"ಹಂಗಾರ ಇವರು ಉಳೀತಾರ್ರಿ!"

"ಏನಮ್ಮ, ನಾನು ಹೇಳಿದ್ದು ತಿಳೀತಾ?"

"ತಿಳೀತ್ರಿ ಸಾಹೇಬ್ರ. ಆದ್ರ ಅದು ಇವರ ರಕ್ತ ಅಲ್ರಿ. ಸೊರಗಿ ಕಡ್ಡಿ ಆಗ್ಯಾರ, ಇವರ ಮೈಯಾಗಿಂದ ಇನ್ನೆಷ್ಟು ತಗೀತೀರಿ? ಆಪರೇಷನ್‌ಗೆ ರಕ್ತ ಬೇಕಂದಾಗ ನನ್ನ ತಮ್ಮ ಕೊಟ್ಟಿದ್ದ, ನೀವು ಶಾಬಾಸ್ ಅಂದಿದ್ರಿ. ಈ ಸಲನೂ ಇವರ ಹೆಸರು ಹೇಳಿ ಅಂವ ಕೊಟ್ಟಾನ್ರಿ. ಪೈಲ್ವಾನ್ ಅದಾನ, ನೋಡ್ರಿ, ಅಲ್ಲೇ ನಿಂತಾನ."

ಡಾಕ್ಟರು ಮೊದಲ ಸಲ ತಲೆ ಎತ್ತಿದರು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ತಮ್ಮ, ದವಡೆಯಲ್ಲಿದ್ದ ಗುಟ್ಕಾ ಉಗುಳಿ ಬಂದು, ಭಾವನನ್ನು ಮೆಲ್ಲಗೆ ಎಬ್ಬಿಸಿ, ಅದೇ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದ.